ಎಲೆಕ್ಟ್ರಾನಿಕ್ ಪಿಪೆಟ್ ಬ್ಯಾಟರಿ: ಚಾರ್ಜ್ ಮಾಡುವುದು, ಬದಲಿಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಪಿಪೆಟ್ ಅಂದರೆ ಲ್ಯಾಬ್‌ನಲ್ಲಿ ದ್ರವವನ್ನು ಅಳತೆ ಮಾಡಿ ಎಳೆದು ಹಾಕುವ ಸಾಧನ. ಮೋಟರ್ ಇರುವ ಪಿಪೆಟ್ ಕೈಗೆ ಬಂದ ಮೇಲೆ ಹೆಬ್ಬೆರಳಿನ ನೋವು ಕಡಿಮೆಯಾಗುತ್ತದೆ, ಬ್ಯಾಟರಿಯ ತಲೆನೋವು ಶುರುವಾಗುತ್ತದೆ. "ಪಿಪೆಟ್ ಆನ್ ಆಗ್ತಿಲ್ಲ" ಎಂಬ ದೂರು ಬಂದಾಗಲೆಲ್ಲ ಮೊದಲು ಬೈಸಿಕೊಳ್ಳುವುದು ಬ್ಯಾಟರಿಯೇ. ಎಷ್ಟೋ ಸಲ ತಪ್ಪು ಅದರದ್ದಾಗಿರುವುದಿಲ್ಲ. ಕೊಳೆಯಾದ ಚಾರ್ಜಿಂಗ್ ಪಿನ್, ಯಾರೋ ಅದಲುಬದಲು ಮಾಡಿದ ಅಡಾಪ್ಟರ್, ಸ್ವಿಚ್ ಹಾಕದ ಪ್ಲಗ್ ಪಾಯಿಂಟ್, ಇವನ್ನೆಲ್ಲ ನೋಡಿದ ಮೇಲೆ ಹೊಸ ಬ್ಯಾಟರಿಗೆ ಇಂಡೆಂಟ್ ಹಾಕಿದರಾಯಿತು.

ಎಪೆಂಡಾರ್ಫ್ ಎಕ್ಸ್‌ಪ್ಲೋರರ್, ಸಾರ್ಟೋರಿಯಸ್ ಪಿಕಸ್, ರೇನಿನ್ ಇ4, ಇಂಟೆಗ್ರಾ ವಯಾಫ್ಲೋ ಮುಂತಾದ, ಲಿಥಿಯಂ ಬ್ಯಾಟರಿ ಇರುವ ಪಿಪೆಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಮಾದರಿಯಿಂದ ಮಾದರಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಇಲ್ಲಿನ ಮಾತಿಗೂ ನಿಮ್ಮ ಪಿಪೆಟ್‌ನ ಮ್ಯಾನುಯಲ್‌ಗೂ ಹೊಂದಿಕೆಯಾಗದಿದ್ದರೆ ಮ್ಯಾನುಯಲ್ ಹೇಳಿದಂತೆ ಮಾಡಿ.

ಪಿಪೆಟ್ ಒಳಗೆ ಯಾವ ತರಹದ ಬ್ಯಾಟರಿ ಇರುತ್ತದೆ?

ಈಗಿನ ಮಾದರಿಗಳಲ್ಲಿ ಹೆಚ್ಚಾಗಿ ಇರುವುದು ಒಂದು ಸಣ್ಣ ಲಿಥಿಯಂ-ಅಯಾನ್ ಅಥವಾ ಲಿಥಿಯಂ ಪಾಲಿಮರ್ ಸೆಲ್. ಲೇಬಲ್ ಮೇಲೆ 3.6 ಅಥವಾ 3.7 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ಚಾರ್ಜ್ ಆದಾಗ ಅದು ಸಾಮಾನ್ಯವಾಗಿ 4.2 ವೋಲ್ಟ್ ತೋರಿಸುತ್ತದೆ. ಹಳೆಯ ಎಲೆಕ್ಟ್ರಾನಿಕ್ ಪಿಪೆಟ್‌ಗಳಲ್ಲಿ, ಮತ್ತು ಉದ್ದನೆಯ ಸೀರಾಲಾಜಿಕಲ್ ಪಿಪೆಟ್ ಹಿಡಿಯುವ ಪಿಸ್ತೂಲಿನ ಆಕಾರದ ಕಂಟ್ರೋಲರ್‌ಗಳಲ್ಲಿ, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುವುದುಂಟು. ಅದರಲ್ಲಿ ಒಂದೊಂದು ಸೆಲ್‌ಗೆ 1.2 ವೋಲ್ಟ್.

ಈ ಎರಡರಲ್ಲಿ ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ. ಮುಂದಿನ ಅರ್ಧದಷ್ಟು ಉತ್ತರಗಳು ಅದರ ಮೇಲೆ ನಿಂತಿವೆ.

ಹೊಸ ಪಿಪೆಟ್ ಬಂದಿದೆ. ಮೊದಲ ಸಲ ರಾತ್ರಿಯಿಡೀ ಚಾರ್ಜ್ ಮಾಡಲೇಬೇಕಾ?

ಲಿಥಿಯಂ ಆದರೆ ಬೇಡ. ಡಬ್ಬ ತೆರೆದಾಗ ಚಾರ್ಜ್ ಕಡಿಮೆ ಕಂಡರೆ ಅದು ದೋಷವೂ ಅಲ್ಲ. ಲಿಥಿಯಂ ಬ್ಯಾಟರಿಯನ್ನು ಕಾರ್ಖಾನೆಯಿಂದ ತುಂಬಿಸಿ ಕಳಿಸುವುದಿಲ್ಲ. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಕೆಲಸ ಶುರು ಮಾಡಿ.

ನಿಕಲ್ ಮೆಟಲ್ ಹೈಡ್ರೈಡ್ ಆದರೆ ಮೊದಲ ಚಾರ್ಜ್ ಉದ್ದವಾಗಿರಲಿ ಎಂದು ಮ್ಯಾನುಯಲ್ ಹೇಳಬಹುದು. ಆ ಬ್ಯಾಟರಿಗಳು ಎರಡು ಮೂರು ಸಲ ಚಾರ್ಜ್ ಆಗಿ ಇಳಿದ ಮೇಲೆಯೇ ಪೂರ್ತಿ ಶಕ್ತಿ ಕೊಡುವುದು.

ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು?

ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆ. ಶುರುವಿನಲ್ಲಿ ಬೇಗ ಬೇಗ ಏರುತ್ತದೆ, ಕೊನೆಯ ಭಾಗ ನಿಧಾನ. ಮೊದಲು ಒಂದೇ ಪ್ರಮಾಣದ ಕರೆಂಟ್ ಕೊಟ್ಟು, ವೋಲ್ಟೇಜ್ ಮೇಲಿನ ಮಿತಿಗೆ ಬಂದ ಮೇಲೆ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು ಲಿಥಿಯಂ ಚಾರ್ಜರ್‌ನ ಕ್ರಮ. ಹಾಗಾಗಿ ಊಟಕ್ಕೆ ಹೋಗುವಾಗ ಚಾರ್ಜಿಂಗ್ ಸ್ಟ್ಯಾಂಡ್‌ಗೆ ಹಾಕಿ ಬಂದರೂ ಮಧ್ಯಾಹ್ನದ ಕೆಲಸಕ್ಕೆ ಸಾಕಾಗುವಷ್ಟು ತುಂಬಿರುತ್ತದೆ.

ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕು ಅಂತ ಹಿರಿಯರು ಹೇಳ್ತಾರೆ. ನಿಜವಾ?

ಅವರು ಕೆಲಸ ಕಲಿತ ಕಾಲಕ್ಕೆ ನಿಜ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗೆ ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಹೋದರೆ ಶಕ್ತಿ ಕುಗ್ಗುವ ತೊಂದರೆ ಇತ್ತು. ನಿಕಲ್ ಮೆಟಲ್ ಹೈಡ್ರೈಡ್‌ನಲ್ಲಿ ಅದು ಬಹಳ ಕಡಿಮೆ. ಲಿಥಿಯಂಗೆ ಲೆಕ್ಕವೇ ಉಲ್ಟಾ: ಪೂರ್ತಿ ಖಾಲಿ ಮಾಡುವುದೇ ಅದಕ್ಕೆ ಕೆಟ್ಟದ್ದು. ಅರ್ಧಕ್ಕೆ ಬಂದಾಗ, ಕಾಲು ಭಾಗಕ್ಕೆ ಬಂದಾಗ, ಯಾವಾಗ ಬೇಕಾದರೂ ಚಾರ್ಜ್ ಮಾಡಬಹುದು.

ಒಂದು ವಿನಾಯಿತಿ ಇದೆ. ಪರದೆ ಮೇಲಿನ ಬ್ಯಾಟರಿ ಚಿಹ್ನೆ ಸುಳ್ಳು ಹೇಳಲು ಶುರು ಮಾಡಿದರೆ, ಅಂದರೆ ಅರ್ಧ ತೋರಿಸುತ್ತಲೇ ಇದ್ದಕ್ಕಿದ್ದಂತೆ ಆಫ್ ಆದರೆ, ಒಮ್ಮೆ ಪಿಪೆಟ್ ತಾನಾಗಿ ನಿಲ್ಲುವವರೆಗೆ ಬಳಸಿ, ಆಮೇಲೆ ತಡೆಯಿಲ್ಲದೆ ಪೂರ್ತಿ ಚಾರ್ಜ್ ಮಾಡಿ. ಅಳತೆ ಮಾಡುವ ಸರ್ಕಿಟ್‌ಗೆ ಮೇಲಿನ, ಕೆಳಗಿನ ಮಿತಿ ಮತ್ತೆ ಗೊತ್ತಾಗುತ್ತದೆ. ಇದನ್ನು ವಾರಕ್ಕೊಮ್ಮೆ ಮಾಡುವ ಅಗತ್ಯವಿಲ್ಲ. ಮಾಡಿದ ಮೇಲೂ ಅದೇ ಕಥೆಯಾದರೆ ಬ್ಯಾಟರಿಗೆ ವಯಸ್ಸಾಗಿದೆ.

ರಾತ್ರಿಯಿಡೀ, ಶನಿವಾರ ಭಾನುವಾರವೆಲ್ಲ ಚಾರ್ಜಿಂಗ್ ಸ್ಟ್ಯಾಂಡ್‌ನಲ್ಲೇ ಬಿಟ್ಟರೆ ಹಾಳಾಗುತ್ತದಾ?

ಸಿಡಿಯುವುದಿಲ್ಲ, ಗಾಬರಿ ಬೇಡ. ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವ ಸರ್ಕಿಟ್ ಇರುತ್ತದೆ. ದಿನಾ ಬಳಸುವ ಪಿಪೆಟ್ ರಾತ್ರಿ ಸ್ಟ್ಯಾಂಡ್‌ನಲ್ಲಿದ್ದರೆ ಏನೂ ತೊಂದರೆಯಿಲ್ಲ. ಬೆಳಿಗ್ಗೆ ಬಂದಾಗ ಸಿದ್ಧವಾಗಿರುವುದು ಬ್ಯಾಟರಿಯ ಆಯಸ್ಸು ಒಂದೆರಡು ತಿಂಗಳು ಉಳಿಸುವುದಕ್ಕಿಂತ ಮುಖ್ಯ, ಅಲ್ವಾ?

ಆದರೆ ಎರಡು ಸಂಗತಿ ಸೇರಿದಾಗ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ: ಯಾವಾಗಲೂ ತುಂಬಿಯೇ ಇರುವುದು ಮತ್ತು ಸೆಕೆ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಹೊರಗೆ 40 ಡಿಗ್ರಿ ದಾಟುತ್ತದೆ. ಸಂಜೆ ಎಸಿ ಆಫ್ ಮಾಡಿ ಬೀಗ ಹಾಕಿದ ಲ್ಯಾಬ್ ಒಳಗೂ ಚೆನ್ನಾಗಿಯೇ ಕಾಯುತ್ತದೆ. ಅಂಥ ಕಡೆ, ತಿಂಗಳಿಗೊಮ್ಮೆ ಮುಟ್ಟುವ ಪಿಪೆಟ್‌ಗಳನ್ನು ಸದಾ ಚಾರ್ಜ್‌ನಲ್ಲಿ ಇಡಬೇಡಿ. ಸ್ಟ್ಯಾಂಡ್ ಬಿಸಿಲು ಬೀಳುವ ಕಿಟಕಿ ಪಕ್ಕ, ಹಾಟ್ ಪ್ಲೇಟ್ ಪಕ್ಕ, ಇನ್ಕ್ಯುಬೇಟರ್ ಮೇಲೆ ಇರದಂತೆ ನೋಡಿಕೊಳ್ಳಿ. ಇನ್ಕ್ಯುಬೇಟರ್ ತಲೆ ಮೇಲೆ ಜಾಗ ಖಾಲಿ ಇದೆ ಅಂತ ಅಲ್ಲೇ ಸ್ಟ್ಯಾಂಡ್ ಇಡುವ ಅಭ್ಯಾಸ ಎಷ್ಟೋ ಲ್ಯಾಬ್‌ಗಳಲ್ಲಿದೆ. ಬ್ಯಾಟರಿಯ ಮಟ್ಟಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಸ್ಟ್ಯಾಂಡ್‌ಗೆ ಹಾಕಿದರೂ ಚಾರ್ಜ್ ಆಗ್ತಿಲ್ಲ. ಬ್ಯಾಟರಿ ಹೋಯ್ತಾ?

ಅಷ್ಟು ಬೇಗ ತೀರ್ಮಾನ ಬೇಡ. ಹೊರಗಿನಿಂದ ಒಳಗೆ ಒಂದೊಂದಾಗಿ ನೋಡುತ್ತಾ ಬನ್ನಿ.

ಮೊದಲು ಗೋಡೆ. ಆ ಪಾಯಿಂಟ್‌ನಲ್ಲಿ ಕರೆಂಟ್ ಇದೆಯಾ? ಎಕ್ಸ್‌ಟೆನ್ಷನ್ ಬಾಕ್ಸ್‌ನ ಸ್ವಿಚ್ ಆನ್ ಇದೆಯಾ? ಹೊರದೇಶದ ಪ್ಲಗ್‌ಗೆ ಸಿಕ್ಕಿಸುವ ಮಲ್ಟಿ ಪಿನ್ ಸಡಿಲವಾಗಿದ್ದರೆ ದೀಪ ಒಮ್ಮೆ ಹತ್ತಿ ಒಮ್ಮೆ ಆರುತ್ತದೆ.

ಆಮೇಲೆ ಅಡಾಪ್ಟರ್. ಲ್ಯಾಬ್‌ನಲ್ಲಿ ಕಪ್ಪು ಅಡಾಪ್ಟರ್‌ಗಳೆಲ್ಲ ನೋಡಲು ಒಂದೇ ತರಹ. ವೋರ್ಟೆಕ್ಸ್‌ನದ್ದು (ಟ್ಯೂಬ್ ಅಲುಗಿಸಿ ಬೆರೆಸುವ ಯಂತ್ರ), ತಕ್ಕಡಿಯದ್ದು, ಪಿಪೆಟ್‌ದು ಎಲ್ಲ ಒಂದೇ ಡ್ರಾಯರ್‌ನಲ್ಲಿ ಬಿದ್ದಿರುತ್ತವೆ, ಪಿನ್ ಕೂಡ ಸರಿಯಾಗಿ ಕೂರುತ್ತದೆ, ವೋಲ್ಟೇಜ್ ಮಾತ್ರ ಬೇರೆ. ಅಡಾಪ್ಟರ್ ಮೇಲಿನ ಔಟ್‌ಪುಟ್ ವೋಲ್ಟ್, ಪಿನ್‌ನ ಒಳಗೆ ಪ್ಲಸ್ಸೋ ಮೈನಸ್ಸೋ ಎಂಬ ಗುರುತು, ಇವೆರಡೂ ಪಿಪೆಟ್ ಕೇಳುವುದಕ್ಕೆ ಹೊಂದಲೇಬೇಕು. ಆಂಪಿಯರ್ ಸಂಖ್ಯೆ ಅಷ್ಟೇ ಇರಬಹುದು, ಹೆಚ್ಚಿದ್ದರೂ ನಡೆಯುತ್ತದೆ, ಕಡಿಮೆ ಇರಬಾರದು. ಡಬ್ಬ ತೆರೆದ ದಿನವೇ ಅಡಾಪ್ಟರ್ ಮೇಲೆ ಪಿಪೆಟ್ ಹೆಸರಿನ ಒಂದು ಟೇಪ್ ಅಂಟಿಸಿಬಿಡಿ. ಆಮೇಲಿನ ಎಷ್ಟೋ ರಗಳೆ ತಪ್ಪುತ್ತದೆ.

ಮೂರನೆಯದು ಪಿನ್‌ಗಳು. ಹೆಚ್ಚಿನ ದೂರುಗಳು ಇಲ್ಲೇ ಮುಗಿಯುತ್ತವೆ. ಸ್ಟ್ಯಾಂಡ್‌ನಲ್ಲೂ ಪಿಪೆಟ್ ಬೆನ್ನಿನಲ್ಲೂ ಸಣ್ಣ ಲೋಹದ ಬಿಂದುಗಳಿರುತ್ತವೆ. ಗ್ಲವ್ಸ್‌ನ ಪೌಡರ್, ಒಣಗಿದ ಬಫರ್ ಉಪ್ಪು, ಹೈಪೊಕ್ಲೋರೈಟ್ (ಬ್ಲೀಚ್) ಹಚ್ಚಿ ಒರೆಸಿದಾಗ ಉಳಿದ ಪದರ ಇವುಗಳ ಮೇಲೆ ಕೂತಿರುತ್ತವೆ. ಬ್ಲೀಚ್ ಲೋಹವನ್ನು ತಿನ್ನುತ್ತದೆ ಕೂಡ. ಸ್ಟ್ಯಾಂಡ್‌ನ ಪ್ಲಗ್ ತೆಗೆದು, ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ ಎರಡೂ ಕಡೆ ಒರೆಸಿ. ಪೂರ್ತಿ ಒಣಗಿದ ಮೇಲೆ ಪ್ಲಗ್ ಹಾಕಿ. ಮರಳು ಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪನ ಹೋದರೆ ಮತ್ತೆ ಬೇಗ ತುಕ್ಕು ಬರುತ್ತದೆ. ಸ್ಪ್ರಿಂಗ್ ಇರುವ ಪಿನ್ ಆದರೆ ಒತ್ತಿದಾಗ ಹಿಂದೆ ಹೋಗಿ ಮುಂದೆ ಬರುತ್ತದಾ ನೋಡಿ.

ಇಷ್ಟಾದ ಮೇಲೆ ಪಿಪೆಟನ್ನು ಸ್ಟ್ಯಾಂಡ್ ಬಿಟ್ಟು ನೇರ ಕೇಬಲ್‌ಗೆ ಹಾಕಿ ನೋಡಿ, ಅಥವಾ ಚೆನ್ನಾಗಿರುವ ಇನ್ನೊಂದು ಪಿಪೆಟನ್ನು ಅದೇ ಜಾಗದಲ್ಲಿ ಇಡಿ. ತಪ್ಪು ಸ್ಟ್ಯಾಂಡ್‌ನದೋ ಪಿಪೆಟ್‌ನದೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿತ್ತು. ಈಗ ಚಾರ್ಜ್‌ಗೆ ಹಾಕಿದರೆ ಪರದೆಯೇ ಹತ್ತುವುದಿಲ್ಲ.

ಅದು ಬಹಳ ಕೆಳಗೆ ಇಳಿದುಹೋಗಿರಬಹುದು. ಲಿಥಿಯಂ ಸೆಲ್ ಸುಮಾರು 3 ವೋಲ್ಟ್‌ಗಿಂತ ಕೆಳಗೆ ಹೋದರೆ ಚಾರ್ಜರ್ ಮೊದಲು ಬಹಳ ಸಣ್ಣ ಕರೆಂಟ್ ಕೊಟ್ಟು ಅದನ್ನು ಮೇಲೆತ್ತುತ್ತದೆ. ಆ ಹೊತ್ತಿನಲ್ಲಿ ಪರದೆ ಕಪ್ಪಗೇ ಇರಬಹುದು. ಒಂದೆರಡು ಗಂಟೆ ಹಾಗೇ ಬಿಟ್ಟು ನೋಡಿ, ಆದರೆ ಕಣ್ಣಿಗೆ ಕಾಣುವ ಜಾಗದಲ್ಲಿರಲಿ. ಆಗಲೂ ಏಳದಿದ್ದರೆ ಬ್ಯಾಟರಿ ಬದಲಿಸಿ. ಹೊರಗಿನ ಪವರ್ ಸಪ್ಲೈನಿಂದ ನೇರ ವೈರು ಕೊಟ್ಟು "ಜಂಪ್" ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ತೀರ ಖಾಲಿಯಾಗಿ ಬಹಳ ದಿನ ಕೂತ ಸೆಲ್ ಒಳಗೆ ತಾಮ್ರ ಕರಗಿ ಶಾರ್ಟ್ ಆಗುವ ಅಪಾಯವಿದೆ.

ಫೋನ್ ಚಾರ್ಜರ್ ಬಳಸಬಹುದಾ?

ಪಿಪೆಟ್‌ಗೆ ಯುಎಸ್‌ಬಿ ಪೋರ್ಟ್ ಇದ್ದು, ಅದು ಚಾರ್ಜಿಂಗ್‌ಗೂ ಹೌದು ಎಂದು ಮ್ಯಾನುಯಲ್ ಹೇಳಿದರೆ ಬಳಸಬಹುದು. ಫಾಸ್ಟ್ ಚಾರ್ಜರ್ ಕೂಡ ಎದುರಿನ ಸಾಧನ ಕೇಳದ ಹೊರತು 5 ವೋಲ್ಟ್‌ಗಿಂತ ಹೆಚ್ಚು ಕೊಡುವುದಿಲ್ಲ. ಬೇಗ ಚಾರ್ಜ್ ಆಗುತ್ತದೆಂಬ ಆಸೆಯೂ ಬೇಡ. ಎಷ್ಟು ಕರೆಂಟ್ ಎಳೆದುಕೊಳ್ಳಬೇಕು ಎಂದು ನಿರ್ಧರಿಸುವುದು ಪಿಪೆಟ್ ಒಳಗಿನ ಸರ್ಕಿಟ್. ಕೆಲವು ಸಾಧನಗಳಲ್ಲಿ ಪೋರ್ಟ್ ಮಾತ್ರ ಟೈಪ್-ಸಿ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುವುದೇ ಇಲ್ಲ. ಜೊತೆಗೆ ಬಂದ ಕೇಬಲ್ ಹಾಕಿ ನೋಡಿ.

ಕೆಲವು ಪಿಪೆಟ್‌ಗಳಲ್ಲಿ ಯುಎಸ್‌ಬಿ ಇರುವುದು ಕಂಪ್ಯೂಟರ್ ಜೊತೆ ಮಾತಾಡಲು ಮಾತ್ರ. ಅದಕ್ಕೇ ಮ್ಯಾನುಯಲ್ ನೋಡಿ ಎಂದಿದ್ದು.

ಚಾರ್ಜ್ ಆಗುತ್ತಿರುವಾಗಲೇ ಪಿಪೆಟ್ ಬಳಸಬಹುದಾ?

ಕೇಬಲ್ ಸಿಕ್ಕಿಸಿಕೊಂಡು ಕೆಲಸ ಮಾಡಲು ಹಲವು ಮಾದರಿಗಳು ಬಿಡುತ್ತವೆ. ತುರ್ತಿಗೆ ಒಳ್ಳೆಯದು. ದಿನವೂ ಹಾಗೆ ಮಾಡಬೇಡಿ: ಕೇಬಲ್ ತೂಕ ಕೈಯನ್ನು ಎಳೆಯುತ್ತದೆ, ಟ್ಯೂಬ್ ರ‍್ಯಾಕ್ ಮೇಲೆ ಜೋತಾಡುತ್ತದೆ, ಪೋರ್ಟ್ ಸಡಿಲವಾಗುತ್ತದೆ.

ಸ್ಟ್ಯಾಂಡ್‌ನಿಂದ ತೆಗೆದಾಗ ಪಿಪೆಟ್ ಬೆಚ್ಚಗಿರುತ್ತದೆ. ಅಳತೆಗೆ ತೊಂದರೆಯಾ?

ಇದನ್ನು ಕೇಳುವವರು ಕಡಿಮೆ, ಆದರೆ ಕೇಳಲೇಬೇಕಾದ ಪ್ರಶ್ನೆ. ಹೆಚ್ಚಿನ ಪಿಪೆಟ್‌ಗಳಲ್ಲಿ ಪಿಸ್ಟನ್‌ಗೂ ದ್ರವಕ್ಕೂ ನಡುವೆ ಗಾಳಿಯ ಒಂದು ಪದರ ಇರುತ್ತದೆ. ಪಿಸ್ಟನ್ ಎಳೆಯುವುದು ಗಾಳಿಯನ್ನು, ಆ ಗಾಳಿ ದ್ರವವನ್ನು ಎಳೆಯುತ್ತದೆ. ಕೋಣೆಯ ತಾಪದಲ್ಲಿ ಗಾಳಿ ಪ್ರತಿ ಡಿಗ್ರಿಗೆ ಶೇಕಡಾ 0.3ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಪಿಪೆಟ್ ಬೆಚ್ಚಗಿದ್ದು ದ್ರವ ತಣ್ಣಗಿದ್ದರೆ, ಎಳೆದುಕೊಂಡ ಮೇಲೂ ಒಳಗಿನ ಗಾಳಿಯ ಗಾತ್ರ ಬದಲಾಗುತ್ತಿರುತ್ತದೆ. ಟಿಪ್ (ಪಿಪೆಟ್ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ತುದಿಯಲ್ಲಿ ಹನಿ ತೊಟ್ಟಿಕ್ಕಬಹುದು, ಅಳತೆ ಸ್ವಲ್ಪ ಆಚೀಚೆ ಆಗಬಹುದು.

ಬ್ಯಾಟರಿ ಸಾಮಾನ್ಯವಾಗಿ ಮೇಲಿನ ಹಿಡಿಕೆಯಲ್ಲಿರುತ್ತದೆ, ಪಿಸ್ಟನ್ ಕೆಳಗೆ. ಹಾಗಾಗಿ ದಿನನಿತ್ಯದ ಕೆಲಸಕ್ಕೆ ಇದು ದೊಡ್ಡ ಸಂಗತಿಯಲ್ಲ. ಆದರೆ ಕ್ಯಾಲಿಬ್ರೇಶನ್ ಪರೀಕ್ಷೆಗೆ (ಅಳತೆ ಸರಿಯಿದೆಯಾ ಎಂದು ನೋಡುವುದು) ಮುಂಚೆ, ಅಥವಾ ಕೆಲವೇ ಮೈಕ್ರೋಲೀಟರ್ ಎಳೆಯುವ ಕ್ಯೂಪಿಸಿಆರ್ (ಡಿಎನ್‌ಎ ಪ್ರಮಾಣ ಅಳೆಯುವ ಪರೀಕ್ಷೆ) ಕೆಲಸಕ್ಕೆ ಮುಂಚೆ, ಚಾರ್ಜರ್‌ನಿಂದ ತೆಗೆದು ತಣ್ಣಗಾಗಲು ಬಿಡಿ. ತೂಕದ ವಿಧಾನದ ಪರೀಕ್ಷೆಯಲ್ಲಿ ಪಿಪೆಟ್, ನೀರು ಎರಡೂ ಆ ಕೋಣೆಯಲ್ಲಿ ಕನಿಷ್ಠ ಎರಡು ಗಂಟೆ ಇದ್ದಿರಬೇಕು ಎನ್ನುವುದು ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8655ರ ನಿಯಮವೇ. ಎಪೆಂಡಾರ್ಫ್ ಮಲ್ಟಿಪೆಟ್ ಇ3 ತರಹ ಪಿಸ್ಟನ್ ನೇರವಾಗಿ ದ್ರವವನ್ನು ಮುಟ್ಟುವ ಸಾಧನಗಳಲ್ಲಿ ಗಾಳಿಯ ಪದರ ಇಲ್ಲ, ಈ ಚಿಂತೆಯೂ ಅಷ್ಟಿಲ್ಲ.

ಬ್ಯಾಟರಿ ಕಡಿಮೆ ಇದ್ದಾಗ ಪಿಪೆಟ್ ಕಡಿಮೆ ದ್ರವ ಎಳೆಯುತ್ತದಾ?

ಇಲ್ಲ. ಕೈಯಿಂದ ಒತ್ತುವ ಪಿಪೆಟ್‌ನಲ್ಲಿ ಕೈ ಸೋತರೆ ಅಳತೆ ಬದಲಾಗುತ್ತದೆ. ಎಲೆಕ್ಟ್ರಾನಿಕ್ ಪಿಪೆಟ್‌ನಲ್ಲಿ ಮೋಟರ್ ಎಷ್ಟು ಹೆಜ್ಜೆ ತಿರುಗಬೇಕು ಎಂಬುದು ಲೆಕ್ಕ. ಬ್ಯಾಟರಿ ಅದಕ್ಕೆ ಸಾಲದಿದ್ದರೆ ಪಿಪೆಟ್ ಮುಂಚೆಯೇ ಎಚ್ಚರಿಕೆ ಕೊಡುತ್ತದೆ, ಆಮೇಲೆ ಕೆಲಸ ಮಾಡಲು ಒಪ್ಪುವುದಿಲ್ಲ. ಅರ್ಧ ಚಾರ್ಜ್‌ನಲ್ಲಿ ಎಳೆದ 200 ಮೈಕ್ರೋಲೀಟರೂ ಪೂರ್ತಿ ಚಾರ್ಜ್‌ನಲ್ಲಿ ಎಳೆದ 200 ಮೈಕ್ರೋಲೀಟರೂ ಒಂದೇ.

ರಿಸಲ್ಟ್ ಸರಿ ಬರಲಿಲ್ಲ ಅಂದಾಗ "ಬ್ಯಾಟರಿ ಲೋ ಇತ್ತು" ಅನ್ನುವ ಸಬೂಬು ಸುಮ್ನೆ. ಟಿಪ್ ಸರಿಯಾಗಿ ಕೂತಿತ್ತಾ, ಸೀಲ್ ಸವೆದಿದೆಯಾ, ಗ್ಲಿಸರಾಲ್ ತರಹದ ಮಂದ ದ್ರವವನ್ನು ಫುಲ್ ಸ್ಪೀಡ್‌ನಲ್ಲಿ ಎಳೆದಿರಾ, ಇವನ್ನು ಮೊದಲು ನೋಡಿ.

ಟಿಪ್‌ನಲ್ಲಿ ದ್ರವ ಇರುವಾಗಲೇ ಪಿಪೆಟ್ ಆಫ್ ಆಯಿತು. ಈಗೇನು ಮಾಡಲಿ?

ಪಿಪೆಟನ್ನು ನೆಟ್ಟಗೆ ಹಿಡಿಯಿರಿ, ಮಲಗಿಸಬೇಡಿ. ಮಲಗಿಸಿದರೆ ದ್ರವ ಒಳಗೆ ಹರಿದು ಪಿಸ್ಟನ್ ತಲುಪುತ್ತದೆ. ಅದು ಬ್ಯಾಟರಿ ಸತ್ತದ್ದಕ್ಕಿಂತ ದೊಡ್ಡ ಕೆಲಸ. ಟಿಪ್ ಕೆಳಗೆ ಒಂದು ಖಾಲಿ ಟ್ಯೂಬ್ ಹಿಡಿದು ಕೇಬಲ್ ಸಿಕ್ಕಿಸಿ. ಮತ್ತೆ ಆನ್ ಆದಾಗ ಹೆಚ್ಚಿನ ಪಿಪೆಟ್‌ಗಳು ಪಿಸ್ಟನನ್ನು ಮೊದಲ ಜಾಗಕ್ಕೆ ತರುತ್ತವೆ. ಕೆಲವು ನಿಮ್ಮನ್ನು ಕೇಳಿ ಮಾಡುತ್ತವೆ, ಕೆಲವು ಕೇಳುವುದಿಲ್ಲ. ಒಳಗಿದ್ದದ್ದೆಲ್ಲ ಆಗ ಹೊರಗೆ ಬರುತ್ತದೆ. ನಿಮ್ಮ ಅಮೂಲ್ಯ ಸ್ಯಾಂಪಲ್ ಇರುವ ಪ್ಲೇಟ್ ಮೇಲೆ ಹಿಡಿದುಕೊಂಡು ಆನ್ ಮಾಡಬೇಡಿ. ಅಷ್ಟರಲ್ಲಿ ತಲೆ ಕೆಡಿಸಿಕೊಂಡಿದ್ದು ಸಾಕಾಗಿರುತ್ತದೆ.

ಪ್ಲೇಟ್‌ನಲ್ಲಿ ಎಲ್ಲಿಯವರೆಗೆ ಹಾಕಿದ್ದಿರಿ ಎಂದು ಆಗಲೇ ಬರೆದುಕೊಳ್ಳಿ. ಮಲ್ಟಿ ಡಿಸ್ಪೆನ್ಸ್ (ಒಮ್ಮೆ ಎಳೆದು ಹಲವು ಸಲ ಹಂಚುವುದು) ಮಧ್ಯದಲ್ಲಿ ನಿಂತರೆ ಆ ಸಾಲನ್ನು ನಂಬಬೇಡಿ.

ಮುಂಚೆ ಎರಡು ದಿನ ಬರುತ್ತಿತ್ತು, ಈಗ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಯಾಕೆ?

ಬ್ಯಾಟರಿ ಹಳೆಯದಾಗಿರಬಹುದು, ಆದರೆ ಕೆಲಸವೂ ಬದಲಾಗಿರಬಹುದು. ಶಕ್ತಿ ತಿನ್ನುವುದು ಮುಖ್ಯವಾಗಿ ಮೋಟರ್. 10 ಮೈಕ್ರೋಲೀಟರ್ ಪಿಪೆಟ್‌ಗಿಂತ 1000ದ್ದಕ್ಕೆ, ಒಂದು ಚಾನೆಲ್‌ಗಿಂತ (ಒಂದೇ ಟಿಪ್) ಎಂಟು ಚಾನೆಲ್‌ಗೆ (ಒಟ್ಟಿಗೆ ಎಂಟು ಟಿಪ್) ಹೆಚ್ಚು ಬೇಕು. ಟಿಪ್ ಹೊರಹಾಕುವುದನ್ನೂ ಮೋಟರೇ ಮಾಡುವ ಮಾದರಿಗಳಲ್ಲಿ ಇನ್ನೂ ಜಾಸ್ತಿ. ಹತ್ತು ಹತ್ತು ಸಲ ಮಿಕ್ಸಿಂಗ್ ಹಾಕಿದರೆ ಬೇಗ ಇಳಿಯುತ್ತದೆ. ಒಮ್ಮೆ ಎಳೆದು ಪ್ಲೇಟ್‌ನ ಹನ್ನೆರಡು ಗುಂಡಿಗೆ ಹಂಚುವ ಕ್ರಮದಲ್ಲಿ ಉಳಿತಾಯವಿದೆ. ಪರದೆಯ ಬೆಳಕು, ತಾನಾಗಿ ಆಫ್ ಆಗುವ ಸಮಯ ಇವನ್ನೂ ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಬಹುದು.

ಕೆಲಸ ಮೊದಲಿನಷ್ಟೇ ಇದ್ದು ಬ್ಯಾಟರಿ ಮಾತ್ರ ಬೇಗ ಇಳಿಯುತ್ತಿದ್ದರೆ, ಪಿಸ್ಟನ್ ಗ್ರೀಸ್ ಒಣಗಿ ಮೋಟರ್ ಹೆಣಗುತ್ತಿರಬಹುದು. ಹೆಣಗುವ ಮೋಟರ್‌ನ ಸದ್ದು ಕಿವಿಗೆ ಗೊತ್ತಾಗುತ್ತದೆ. ಸರ್ವಿಸ್ ಆಗಿ ವರ್ಷವಾಗಿದ್ದರೆ ಅದನ್ನು ಮೊದಲು ಮಾಡಿಸಿ.

ಕೋಲ್ಡ್ ರೂಮ್‌ನಲ್ಲಿ ಬಳಸಬಹುದಾ?

4 ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ತಾತ್ಕಾಲಿಕವಾಗಿ ಕುಗ್ಗುತ್ತದೆ, ಹೊರಗೆ ಬಂದ ಮೇಲೆ ಸರಿಹೋಗುತ್ತದೆ. ಪಿಪೆಟ್ ಯಾವ ತಾಪದವರೆಗೆ ಕೆಲಸ ಮಾಡುತ್ತದೆ ಎಂದು ಮ್ಯಾನುಯಲ್‌ನಲ್ಲಿ ನೋಡಿ. ಚಾರ್ಜ್ ಮಾತ್ರ ಅಲ್ಲಿ ಮಾಡಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೇ ಕಟ್ಟಿಕೊಳ್ಳುತ್ತದೆ, ಆ ಹಾನಿ ವಾಪಸ್ ಬರುವುದಿಲ್ಲ. ತಣ್ಣನೆಯ ಪಿಪೆಟನ್ನು ಹೊರಗೆ ತಂದ ತಕ್ಷಣ ಮೇಲೆ ನೀರಿನ ಪಸೆ ಕೂರುತ್ತದೆ. ಮಂಗಳೂರಿನಂಥ ಊರಿನಲ್ಲಿ ಇನ್ನೂ ಹೆಚ್ಚು. ಒಣಗಿದ ಮೇಲೆ ಸ್ಟ್ಯಾಂಡ್‌ಗೆ ಹಾಕಿ.

ಒಂದು ಬ್ಯಾಟರಿ ಎಷ್ಟು ವರ್ಷ ಬರಬೇಕು?

ಲಿಥಿಯಂ ಸೆಲ್ ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್‌ಗಳ ನಂತರ ಮೂಲ ಶಕ್ತಿಯ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತದೆ. ಎರಡು ಸಲ ಅರ್ಧರ್ಧ ಚಾರ್ಜ್ ಮಾಡಿದರೆ ಅದು ಒಂದು ಎಂದು ಲೆಕ್ಕ. ಬಳಸದೆ ಇಟ್ಟರೂ ವಯಸ್ಸಾಗುತ್ತದೆ. ತಾರೀಖು ನೋಡಿ ಬದಲಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಪೂರ್ತಿ ಚಾರ್ಜ್ ಮಾಡಿದ ಪಿಪೆಟ್ ನಿಮ್ಮ ಒಂದು ದಿನದ ಕೆಲಸ ಮುಗಿಸದಿದ್ದರೆ ಬದಲಿಸಿ, ಅಷ್ಟೇ.

ಹಿಂದಿನ ಮುಚ್ಚಳ ಉಬ್ಬಿದ ಹಾಗೆ ಕಾಣುತ್ತಿದೆ.

ಈಗಲೇ ಬಳಕೆ ನಿಲ್ಲಿಸಿ. ಚಾರ್ಜ್‌ಗೆ ಹಾಕಬೇಡಿ. ಸೆಲ್ ಒಳಗೆ ಅನಿಲ ಕಟ್ಟಿಕೊಂಡು ಅದು ಉಬ್ಬುತ್ತದೆ. ಒತ್ತಿ ಮುಚ್ಚಳ ಕೂರಿಸುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಎರಡೂ ಬೆಂಕಿಗೆ ದಾರಿ. ಸುಲಭವಾಗಿ ಹೊರಗೆ ಬಂದರೆ ಮಾತ್ರ ತೆಗೆಯಿರಿ. ತೆಗೆದದ್ದನ್ನು ಒಣ ಮರಳು ಹಾಕಿದ ಲೋಹದ ಡಬ್ಬಿಯಲ್ಲಿಟ್ಟು, ಬಿಗಿಯಾಗಿ ಮುಚ್ಚದೆ, ಸಾಲ್ವೆಂಟ್ ಬಾಟಲಿಗಳಿಂದ ದೂರ ಇಡಿ. ಸಿಕ್ಕಿಕೊಂಡಿದ್ದರೆ ಪಿಪೆಟ್ ಸಮೇತ ಹಾಗೇ ಪಕ್ಕಕ್ಕಿಟ್ಟು ಸರ್ವಿಸ್‌ನವರಿಗೆ, ಸೇಫ್ಟಿ ಆಫೀಸರ್‌ಗೆ ಹೇಳಿ.

ಹೊಗೆ ಬಂದರೆ ಪಿಪೆಟ್ ಉಳಿಸುವ ಯೋಚನೆ ಬಿಡಿ. ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರಬಹುದು, ಎಲ್ಲರೂ ಕೋಣೆಯಿಂದ ಹೊರಗೆ ಹೋಗಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಜ್ವಾಲೆ ಆರಿಸುತ್ತದೆ, ಸೆಲ್ ಅನ್ನು ತಣ್ಣಗೆ ಮಾಡುವುದಿಲ್ಲ, ಮತ್ತೆ ಹೊತ್ತಿಕೊಳ್ಳಬಹುದು.

ಬ್ಯಾಟರಿಯನ್ನು ನಾವೇ ಬದಲಿಸಬಹುದಾ? ಹೇಗೆ?

ಬೆನ್ನಿನಲ್ಲಿ ಅಥವಾ ತಲೆಯಲ್ಲಿ ಬ್ಯಾಟರಿ ಮುಚ್ಚಳ ಇರುವ ಮಾದರಿಗಳಲ್ಲಿ ಖಂಡಿತ ಮಾಡಬಹುದು. ಮುಚ್ಚಳವೇ ಇಲ್ಲದೆ ಇಡೀ ಹಿಡಿಕೆ ಬಿಚ್ಚಬೇಕಾದರೆ ಸರ್ವಿಸ್‌ಗೆ ಕಳಿಸಿ, ವಾರಂಟಿ ಕಳೆದುಕೊಳ್ಳಬೇಡಿ.

ಟಿಪ್ ತೆಗೆಯಿರಿ, ಪಿಪೆಟನ್ನು 70 ಶೇಕಡಾ ಎಥನಾಲ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಸ್ಯಾಂಪಲ್ ಸೋಂಕಿನದ್ದಾಗಿದ್ದರೆ ನಿಮ್ಮ ಲ್ಯಾಬ್ ಕ್ರಮದಂತೆ ಶುದ್ಧ ಮಾಡಿದ ಮೇಲೆ ಮಾತ್ರ ಮುಂದಕ್ಕೆ ಹೋಗಿ. ಚಾರ್ಜರ್‌ನಿಂದ ಬೇರೆ ಮಾಡಿ, ಆಫ್ ಮಾಡಿ. ಪ್ರೋಗ್ರಾಂಗಳು ಮುಖ್ಯವಾಗಿದ್ದರೆ ಪರದೆಯ ಫೋಟೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ, ಆದರೂ ಫೋಟೊಗೆ ಏನು ಖರ್ಚು?

ಮುಚ್ಚಳವನ್ನು ಜಾರಿಸಿ ಅಥವಾ ಸ್ಕ್ರೂ ಬಿಚ್ಚಿ ತೆಗೆಯಿರಿ. ಕೆಲವದರಲ್ಲಿ ಬ್ಯಾಟರಿ ಹಾಗೇ ಹೊರಗೆ ಬರುತ್ತದೆ. ಕೆಲವದರಲ್ಲಿ ಎರಡು ಅಥವಾ ಮೂರು ತೆಳು ವೈರುಗಳ ತುದಿಯಲ್ಲಿ ಒಂದು ಸಣ್ಣ ಬಿಳಿ ಕನೆಕ್ಟರ್ ಇರುತ್ತದೆ. ಕೈ ತಪ್ಪುವುದು ಇಲ್ಲೇ. ವೈರು ಹಿಡಿದು ಎಳೆದರೆ ವೈರು ಕಿತ್ತು ಬರುತ್ತದೆ, ಕನೆಕ್ಟರ್ ಅಲ್ಲೇ ಉಳಿಯುತ್ತದೆ. ಕನೆಕ್ಟರ್‌ನ ಎರಡು ಪಕ್ಕವನ್ನೂ ಪ್ಲಾಸ್ಟಿಕ್ ಚಿಮಟದಿಂದ ಹಿಡಿದು ಅಲುಗಾಡಿಸುತ್ತಾ ಬಿಡಿಸಿ. ಲೋಹದ ಚಿಮಟ ಬೇಡ, ಎರಡು ಪಿನ್‌ಗೆ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಹೊಸದನ್ನು ಹಾಕುವಾಗ ಕನೆಕ್ಟರ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಿ, ಬಲ ಹಾಕಬೇಡಿ. ವೈರು ಮುಚ್ಚಳದ ಅಂಚಿಗೆ ಸಿಕ್ಕಿಕೊಳ್ಳದಂತೆ ಮಡಚಿ ಮುಚ್ಚಿ. ಆಮೇಲೆ ಪೂರ್ತಿ ಚಾರ್ಜ್ ಮಾಡಿ. ತಾರೀಖು, ಸಮಯ ಮತ್ತೆ ಹಾಕಬೇಕಾಗಬಹುದು. ಸರ್ವಿಸ್ ನೆನಪಿಸುವ ಲೆಕ್ಕ ಅದರ ಮೇಲೆ ನಡೆಯುವುದರಿಂದ ಮರೆಯಬೇಡಿ.

ಆನ್‌ಲೈನ್‌ನಲ್ಲಿ ಅದೇ ಅಳತೆಯ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆ. ಹಾಕಬಹುದಾ?

ಬೇಡ ಅಂತಲೇ ನನ್ನ ಅಭಿಪ್ರಾಯ. ಕನೆಕ್ಟರ್ ಒಂದೇ ಆಗಿದ್ದರೂ ಒಳಗಿನ ಪ್ಲಸ್ ಮೈನಸ್ ವೈರು ಅದಲುಬದಲಾಗಿರುವುದುಂಟು. ಹಾಕಿದ ಕ್ಷಣವೇ ಬೋರ್ಡ್ ಸುಡುತ್ತದೆ. ಮೂರನೆಯ ವೈರು ಇದ್ದರೆ ಅದು ಹೆಚ್ಚಾಗಿ ತಾಪ ಅಳೆಯುವ ಥರ್ಮಿಸ್ಟರ್‌ನದ್ದು. ಅದು ಇಲ್ಲದಿದ್ದರೆ ಅಥವಾ ಅದರ ರೋಧದ ಅಂಕಿ ಬೇರೆಯಾಗಿದ್ದರೆ ಪಿಪೆಟ್ ಚಾರ್ಜ್ ಮಾಡುವುದೇ ಇಲ್ಲ, ಇಲ್ಲವೇ ತಪ್ಪಾಗಿ ಮಾಡುತ್ತದೆ. ಲಕ್ಷದ ಹತ್ತಿರದ ಸಾಧನಕ್ಕೆ ಇಷ್ಟು ಉಳಿಸಲು ಹೋಗಿ ಬೋರ್ಡ್ ಸುಟ್ಟುಕೊಳ್ಳುವುದು ಯಾಕೆ?

ಮೂಲ ಕಂಪನಿಯದ್ದು ಈಗ ಬರುತ್ತಿಲ್ಲ, ಬೇರೆ ದಾರಿಯೇ ಇಲ್ಲ ಎಂದಾದರೆ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿಭಾಗದವರಿಂದ ಮಲ್ಟಿಮೀಟರ್ ಹಿಡಿಸಿ ನೋಡಿಸಿ. ಭಾರತದಲ್ಲಿ ಮಾರುವ ಲಿಥಿಯಂ ಸೆಲ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ, ಅದರ ಗುರುತು ಐಎಸ್ 16046. ಅದಿಲ್ಲದ್ದನ್ನು ಮುಟ್ಟಬೇಡಿ. ನಿಕಲ್ ಮೆಟಲ್ ಹೈಡ್ರೈಡ್ ಜಾಗಕ್ಕೆ ಲಿಥಿಯಂ ಹಾಕುವುದು, ಚಾರ್ಜ್ ಆಗದ ಮಾಮೂಲಿ ಸೆಲ್ ಹಾಕಿ ಸ್ಟ್ಯಾಂಡ್‌ನಲ್ಲಿಡುವುದು, ಎರಡೂ ಅಪಾಯ.

ಬ್ಯಾಟರಿ ಬದಲಿಸಿದ ಮೇಲೆ ಮತ್ತೆ ಕ್ಯಾಲಿಬ್ರೇಶನ್ ಬೇಕಾ?

ಬ್ಯಾಟರಿ ಬದಲಾದರೆ ಪಿಸ್ಟನ್, ಸೀಲ್, ಮೋಟರ್‌ಗೆ ಏನೂ ಆಗುವುದಿಲ್ಲ. ಕ್ಯಾಲಿಬ್ರೇಶನ್ ಅಂಕಿಗಳು ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿರುತ್ತವೆ. ಆದ್ದರಿಂದ ಪೂರ್ತಿ ಕ್ಯಾಲಿಬ್ರೇಶನ್ ಬೇಕಿಲ್ಲ. ಒಂದು ಚಿಕ್ಕ ಪರೀಕ್ಷೆ ಮಾಡಿ ದಾಖಲೆ ಪುಸ್ತಕದಲ್ಲಿ ಬರೆದಿಡಿ. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ಇದನ್ನು ಬಿಡಲೇಬೇಡಿ. ಆಡಿಟ್‌ಗೆ ಬಂದವರು ಬ್ಯಾಟರಿ ಬಗ್ಗೆ ಅಲ್ಲ, ಬದಲಿಸಿದ ಮೇಲೆ ನೋಡಿದ ದಾಖಲೆ ಎಲ್ಲಿ ಅಂತ ಕೇಳುತ್ತಾರೆ.

ಪರೀಕ್ಷೆ ಸರಳ. ಶುದ್ಧ ನೀರನ್ನು ತಕ್ಕಡಿಯಲ್ಲಿ ತೂಗಿ. 1000 ಮೈಕ್ರೋಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 997 ಮಿಲಿಗ್ರಾಂ, 27 ಡಿಗ್ರಿಯಲ್ಲಿ ಸುಮಾರು 995.5 ಮಿಲಿಗ್ರಾಂ ತೂಗುತ್ತದೆ. ನೀರಿನ ಸಾಂದ್ರತೆ, ಗಾಳಿಯ ಎತ್ತುವಿಕೆ ಎರಡೂ ಸೇರಿದ ಲೆಕ್ಕ ಇದು. 1000 ಬರಲಿಲ್ಲ ಅಂತ ಹೊಸಬರು ಹೆದರುವುದು ಇದಕ್ಕೇ. ಗಾಳಿಯ ಪದರ ಇರುವ ಒಂದು ಚಾನೆಲ್‌ನ 1000 ಮೈಕ್ರೋಲೀಟರ್ ಪಿಪೆಟ್‌ಗೆ ಐಎಸ್‌ಒ 8655 ಕೊಡುವ ಮಿತಿ ಹೆಚ್ಚು ಕಡಿಮೆ 8 ಮೈಕ್ರೋಲೀಟರ್.

ಬ್ಯಾಟರಿ ಸಮೇತ ಆಟೊಕ್ಲೇವ್ ಮಾಡಬಹುದಾ?

ಇಲ್ಲವೇ ಇಲ್ಲ. ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಆ ಯಂತ್ರದ 121 ಡಿಗ್ರಿ ಲಿಥಿಯಂ ಸೆಲ್‌ಗೆ ಮೃತ್ಯು, ಆಟೊಕ್ಲೇವ್‌ಗೂ ಒಳ್ಳೆಯದಲ್ಲ. ಆಟೊಕ್ಲೇವ್ ಮಾಡಬಹುದಾದ್ದು ಮ್ಯಾನುಯಲ್ ಅನುಮತಿಸಿದ ಕೆಳಗಿನ ಭಾಗ ಮಾತ್ರ.

ಬಯೋಸೇಫ್ಟಿ ಕ್ಯಾಬಿನೆಟ್ ಅಥವಾ ಫ್ಯೂಮ್ ಹುಡ್ ಒಳಗೆ ಸ್ಟ್ಯಾಂಡ್ ಇಡಬಹುದಾ?

ಫ್ಯೂಮ್ ಹುಡ್‌ನಲ್ಲಿ (ರಾಸಾಯನಿಕ ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಬೇಡ. ಈಥರ್, ಅಸಿಟೋನ್ ಆವಿ ಇರುವ ಜಾಗದಲ್ಲಿ ಕಿಡಿ ಬರಬಹುದಾದ ಯಾವುದೂ ಇರಬಾರದು. ಆಮ್ಲದ ಆವಿ ಪಿನ್‌ಗಳನ್ನೂ ತಿನ್ನುತ್ತದೆ. ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ (ಸೋಂಕಿನ ಕೆಲಸಕ್ಕೆ ಶುದ್ಧ ಗಾಳಿ ಹರಿಸುವ ಪೆಟ್ಟಿಗೆ) ಸ್ಟ್ಯಾಂಡ್ ಗಾಳಿಯ ಹರಿವಿಗೆ ಅಡ್ಡ, ಯುವಿ ದೀಪಕ್ಕೆ ಪ್ಲಾಸ್ಟಿಕ್ ಹಳದಿಯಾಗಿ ಬಿರಿಯುತ್ತದೆ. ಹೊರಗೆ ಚಾರ್ಜ್ ಮಾಡಿ, ಒರೆಸಿ ಒಳಗೆ ತನ್ನಿ.

ದಸರಾ ರಜೆ, ಬೇಸಿಗೆ ರಜೆಗೆ ಲ್ಯಾಬ್ ಮುಚ್ಚುತ್ತದೆ. ಹೇಗೆ ಇಡಲಿ?

ಲಿಥಿಯಂ ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿ, ಪಿಪೆಟ್ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿ. ಹತ್ತು ದಿನಕ್ಕೆ ಇಷ್ಟೆಲ್ಲ ಬೇಡ, ತಿಂಗಳು ದಾಟಿದರೆ ಬೇಕು. ಬಹಳ ತಿಂಗಳು ಇಡುವುದಾದರೆ ಮಧ್ಯೆ ಒಮ್ಮೆ ತೆಗೆದು ನೋಡಿ, ಇಳಿದಿದ್ದರೆ ಅರ್ಧಕ್ಕೆ ತನ್ನಿ. ನಿಕಲ್ ಮೆಟಲ್ ಹೈಡ್ರೈಡ್ ತಾನಾಗಿಯೇ ಬೇಗ ಇಳಿಯುತ್ತದೆ. ರಜೆ ಮುಗಿಸಿ ಬಂದ ದಿನ ಅದನ್ನು ಚಾರ್ಜ್ ಮಾಡದೆ ಕೆಲಸ ಶುರು ಮಾಡಬೇಡಿ.

ಒಂದು ಸಣ್ಣ ಬ್ಯಾಟರಿ ಬರಲು ವಾರಗಟ್ಟಲೆ ಯಾಕೆ?

ಬಿಡಿ ಲಿಥಿಯಂ ಬ್ಯಾಟರಿ ವಿಮಾನ ಸಾಗಣೆಯಲ್ಲಿ ಅಪಾಯಕಾರಿ ಸರಕು, ಯುಎನ್ 3480 ಎಂಬ ಸಂಖ್ಯೆಯಡಿ. 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಅದನ್ನು ಸರಕಾಗಿ ಹಾಕುವಂತಿಲ್ಲ, ಸರಕು ವಿಮಾನದಲ್ಲಿ ಕಳಿಸುವಾಗಲೂ ಚಾರ್ಜ್ ಶೇಕಡಾ 30 ಮೀರಬಾರದು. ಹೊರದೇಶದಿಂದ ಬರುವ ಬಿಡಿಭಾಗ ತಡವಾಗುವುದಕ್ಕೆ ಇದೊಂದು ಕಾರಣ. ಸರ್ಕಾರಿ ಸಂಸ್ಥೆಯಾದರೆ ಜೆಮ್ (ಸರ್ಕಾರಿ ಖರೀದಿ) ಪೋರ್ಟಲ್, ಕೊಟೇಶನ್, ಸಹಿ ಎಲ್ಲ ಸೇರಿ ಇನ್ನಷ್ಟು. ಒಂದೇ ಮಾದರಿಯ ಹಲವು ಪಿಪೆಟ್ ಇದ್ದರೆ ಒಂದು ಸ್ಪೇರ್ ಇಟ್ಟುಕೊಳ್ಳಿ. ಐದಾರು ಕೊಂಡು ಕೂಡಿಡಬೇಡಿ, ಇಟ್ಟಲ್ಲೇ ಹಳೆಯದಾಗುತ್ತವೆ.

ಫೀಲ್ಡ್ ಕೆಲಸಕ್ಕೆ ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ. ತುದಿಗಳಿಗೆ ಟೇಪ್ ಹಚ್ಚಿ. ಉಬ್ಬಿದ ಬ್ಯಾಟರಿಯನ್ನು ವಿಮಾನಕ್ಕೂ ಕೊರಿಯರ್‌ಗೂ ಕೊಡುವಂತಿಲ್ಲ.

ಹಳೆಯ ಬ್ಯಾಟರಿಯನ್ನು ಎಲ್ಲಿ ಹಾಕಬೇಕು?

ಕಸದ ಬುಟ್ಟಿಗೆ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಬಯೋಮೆಡಿಕಲ್ ತ್ಯಾಜ್ಯದ ಹಳದಿ ಚೀಲಕ್ಕೆ ಅಲ್ಲವೇ ಅಲ್ಲ. ಆ ಚೀಲ ಹೋಗುವುದು ಸುಡುವ ಕುಲುಮೆಗೆ, ಅಲ್ಲಿ ಲಿಥಿಯಂ ಸೆಲ್ ಸಿಡಿಯುತ್ತದೆ. ಸೋಂಕಿನ ಲ್ಯಾಬ್‌ನಿಂದ ಬಂದದ್ದಾದರೆ ಒರೆಸಿ ಶುದ್ಧ ಮಾಡಿ, ತುದಿಗಳಿಗೆ ಟೇಪ್ ಅಂಟಿಸಿ, ಬೇರೆ ಡಬ್ಬಿಯಲ್ಲಿ ಇಡಿ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರರು ಬ್ಯಾಟರಿಯನ್ನು ಉಳಿದ ಕಸದಿಂದ ಬೇರೆ ಇಟ್ಟು, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಕೊಡಬೇಕು. ಮಾರಿದ ಕಂಪನಿಗೂ ವಾಪಸ್ ಪಡೆಯುವ ಹೊಣೆ ಇದೆ. ಹೊಸದನ್ನು ತಂದುಕೊಡುವ ಡೀಲರ್‌ಗೇ "ಹಳೆಯದನ್ನು ತಗೊಂಡು ಹೋಗಿ" ಎಂದು ಹೇಳಿ. ಅವರು ಒಪ್ಪದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಸಂಸ್ಥೆಯ ಇ-ತ್ಯಾಜ್ಯದ ಜೊತೆ, ಆದರೆ ಪ್ರತ್ಯೇಕ ಡಬ್ಬಿಯಲ್ಲಿ, ಕಳಿಸಿ. ಕೊಟ್ಟದ್ದಕ್ಕೆ ರಸೀದಿ ಪಡೆದು ಸ್ಟೋರ್ಸ್ ಫೈಲ್‌ಗೆ ಸೇರಿಸಿ.